ಕಲ್ಯಾಣಮ್ಮನ ಲಾಗಿನ್

ವಿಜಯನಗರದಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಬಾಸಿಂಗ ವಧೂವರರ ಕೇಂದ್ರ ಇದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಉದಯಕುಮಾರ್. ಯಾರೋ ದೊಡ್ಡ ಇಂಜಿನಿಯರ್ ಅಂದುಕೊಳ್ಳಬೇಡಿ. ಚಿತ್ರದುರ್ಗದಲ್ಲಿ ಡಿಪ್ಲೊಮಾ ಮುಗಿಸಿ, ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದವನು, ಒಮ್ಮೆ ಈ ಕೇಂದ್ರದ ಪ್ರಿಂಟರ್ ರಿಪೇರಿಗೆಂದು ಮೆಟ್ಟಿಲು ಹತ್ತಿ ಬಂದು ಇಲ್ಲೇ ಉಳಿದುಹೋದ. ತಲೆಗೂದಲು ಬೆಳ್ಳಗಾದದ್ದೂ ಇಲ್ಲೇ. ಇಲಿ ಕಡಿದ ವೈರಿನಿಂದ ಹಿಡಿದು ಸರ್ವರಿನವರೆಗೆ ಎಲ್ಲಕ್ಕೂ ಅವನೇ ಗತಿ. ಆಯುಧಪೂಜೆಯ ದಿನ ಸರ್ವರಿಗೆ ಕುಂಕುಮ ಇಡುವಾಗ ಅದು ಗಾಳಿ ಕಿಂಡಿಯೊಳಗೆ ಉದುರದಂತೆ ಅಂಗೈ ಅಡ್ಡ ಹಿಡಿಯುವವನೂ ಅವನೇ.

ಕೇಂದ್ರದ ಯಜಮಾನ ರುದ್ರಮುನಿಗೆ ಸಾಫ್ಟ್‌ವೇರ್ ಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. "ಬಿಟ್ಟಿ ಸಿಗೋದು ಯಾವ್ದೂ ಇಲ್ವೇನಯ್ಯ?" ಎಂದು ಕೇಳುತ್ತಿದ್ದ. ಇತ್ತು. ಪ್ರಪಂಚದ ಯಾವುದೋ ಮೂಲೆಯಲ್ಲಿ ಕೂತ, ಮುಖ ಕಾಣದ ಜನ ತಂತ್ರಾಂಶ ಬರೆದು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಪ್ಪಿದ್ದರೆ ತಿದ್ದಿ ಎಂದು ಬಯಲಲ್ಲಿ ಇಟ್ಟುಬಿಡುತ್ತಾರೆ. ಓಪನ್ ಸೋರ್ಸ್ ಅಂದರೆ ಅದೇ. ರುದ್ರಮುನಿಗೆ ಅದರಲ್ಲಿ ಕೇಳಿಸಿದ್ದು ಬಿಟ್ಟಿ ಅನ್ನುವ ಮಾತೊಂದೇ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ ಅವನು. ಉದಯನಿಗೆ ಕೇಳಿಸಿದ್ದು 'ಬಿಚ್ಚಿ ನೋಡಿ' ಅನ್ನುವ ಮಾತು.

ಅವನು ಬಿಚ್ಚಿ ನೋಡಿದ. ಕೇಂದ್ರದಲ್ಲಿ ಹೆಸರು ಬರೆಸಿದ ಗಂಡು ಹೆಣ್ಣುಗಳ ಜಾತಕ, ಫೋಟೊ, ಫೋನ್ ನಂಬರ್ ಎಲ್ಲ ಇದ್ದದ್ದು ಡೇಟಾಬೇಸಿನಲ್ಲಿ. ಆ ಉಗ್ರಾಣಕ್ಕೆ ಯಾರು ಬಂದರು, ಏನು ಕೇಳಿದರು, ಏನು ಹೊತ್ತುಕೊಂಡು ಹೋದರು ಎಂದು ಅದು ತನ್ನಷ್ಟಕ್ಕೆ ಬರೆದುಕೊಳ್ಳುತ್ತಲೇ ಇರುತ್ತದೆ. ಅದೇ ಲಾಗ್. ನೆಟ್‌ವರ್ಕಿಗೂ ಅದರದೇ ಒಂದು ಲಾಗ್ ಉಂಟು: ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಏನು ಹೋಯಿತು ಅಂತ. ಮೊದಲನೆಯದು ಹೆಸರು ಹೇಳುತ್ತದೆ, ಎರಡನೆಯದು ಯಂತ್ರವನ್ನು ತೋರಿಸುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಪೂರ್ತಿ ಸಂಗತಿ. ಬರಿಗಣ್ಣಲ್ಲಿ ಓದಲು ಕೂತರೆ ಜನ್ಮ ಸಾಲದು. ಹಾಗೆ ಓದಿ, ಜೋಡಿಸಿ, ಚಿತ್ರ ಬರೆದು ತೋರಿಸುವ ಒಂದು ತೆರೆದ ಸಲಕರಣೆಯನ್ನು ಉದಯ ಹುಡುಕಿ ತಂದು ಹಾಕಿಕೊಂಡಿದ್ದ. ಅಷ್ಟೇ ಅಲ್ಲ, ಅದರ ಪರದೆಯ ಮೇಲಿನ ಪದಗಳನ್ನೆಲ್ಲ ಕನ್ನಡಕ್ಕೆ ತಂದು, ಅದನ್ನು ಬರೆದವರಿಗೇ ಕಳಿಸಿಕೊಟ್ಟಿದ್ದ. ಅವರು ಒಪ್ಪಿ ಸೇರಿಸಿಕೊಂಡರು. ನೆರವಾದವರ ಹೆಸರುಗಳ ನಡುವೆ ಇವನದೂ ಬಂತು. ಶ್ರೀಗಂಧದ ಕಾವಲಿನ ಮನೆಯಲ್ಲಿ ಅದನ್ನು ಹೆಂಡತಿ ನೀಲಾಂಬಿಕಾಗೆ ತೋರಿಸಿದಾಗ ಆಕೆ ಕೇಳಿದ್ದು ಒಂದೇ ಮಾತು: "ಎಷ್ಟು ಕೊಡ್ತಾರಂತೆ?" ಉದಯನಿಗೆ ಬೇಜಾರಾಗಲಿಲ್ಲ. ಬಾಳಿನಲ್ಲಿ ಅವನು ಎದೆಯುಬ್ಬಿಸಿ ನೋಡಿಕೊಂಡದ್ದು ಅದೊಂದನ್ನೇ.

ಇನ್ನು ಕಲ್ಯಾಣಮ್ಮ. ಕೇಂದ್ರದ ಮುಂದಿನ ಮೇಜಿನಲ್ಲಿ ಕೂತು, ಬಂದವರ ವಿವರ ಬರೆಸಿಕೊಳ್ಳುತ್ತಿದ್ದವರು. ಅವರು ಬರೆದುಕೊಂಡ ಹುಡುಗಿಗೆ ವರ್ಷ ತುಂಬುವುದರೊಳಗೆ ಗಂಡು ಗೊತ್ತಾಗುತ್ತದೆ ಎಂದು ಒಂದು ಮಾತು ಹೇಗೋ ಹುಟ್ಟಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಹಬ್ಬಿತ್ತು. ಕೈಗುಣ! ತಮಾಷೆಯೆಂದರೆ ಆಕೆ ವಿಧವೆ. ತಮ್ಮ ಮನೆಯ ಅರಿಶಿಣ ಶಾಸ್ತ್ರಕ್ಕೆ ಆಕೆಯನ್ನು ಹಿಂದಿನ ಸಾಲಿಗೆ ಕೂರಿಸುವ ಹೆಂಗಸರೇ, ಇಲ್ಲಿ ಬಂದು "ಕಲ್ಯಾಣಮ್ಮನೋರ ಕೈಲೇ ಬರೆಸ್ಬೇಕು" ಎಂದು ಹಟ ಹಿಡಿಯುತ್ತಿದ್ದರು. ಕೆಲಸ ಆಗಬೇಕಾದಾಗ ಶಾಸ್ತ್ರ ಎಷ್ಟು ಬೇಗ ಬಾಗುತ್ತದೆ ನೋಡಿ.

ಕಂಪ್ಯೂಟರ್ ಬಂದ ಮೇಲೆ ಕೈಗುಣವೂ ಕಂಪ್ಯೂಟರ್ ಹತ್ತಿತು. ಕೊಡುವ ರಸೀದಿಯ ಕೆಳಗೆ 'ನೋಂದಾಯಿಸಿದವರು' ಎಂಬಲ್ಲಿ ಬೇರೆ ಹೆಸರು ಕಂಡರೆ ತಾಯಂದಿರು ಜಗಳಕ್ಕೇ ನಿಲ್ಲುತ್ತಿದ್ದರು. ಒಬ್ಬರೇ ಎಷ್ಟು ಅಂತ ಬರೆದಾರು? ರುದ್ರಮುನಿ ಸುಲಭದ ದಾರಿ ಹಿಡಿದ: ಎಲ್ಲರೂ ಕಲ್ಯಾಣಮ್ಮನ ಲಾಗಿನ್ನಿನಿಂದಲೇ ಕೆಲಸ ಮಾಡಿ! ಪಾಸ್‌ವರ್ಡ್ ಬರೆದ ಚೀಟಿ ಪ್ರತಿ ಪರದೆಯ ಅಂಚಿಗೂ ಅಂಟಿತು. "ಸಾರ್, ಒಬ್ಬೊಬ್ರಿಗೆ ಒಂದೊಂದು ಲಾಗಿನ್ ಇರ್ಬೇಕು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ..." ಎಂದು ಉದಯ ಹೇಳಹೋದ. "ಶುಭಕಾರ್ಯದ ಜಾಗದಲ್ಲಿ ಅಪಶಕುನ ನುಡೀಬೇಡ ಕಣಯ್ಯ" ಎಂದು ರುದ್ರಮುನಿ ಬಾಯಿ ಮುಚ್ಚಿಸಿದ. ಕಲ್ಯಾಣಮ್ಮನವರಿಗಂತೂ ಒಳಗೊಳಗೇ ಹಿಗ್ಗು. ಗಂಡ ಹೋದ ಮೇಲೆ ಯಾರೂ ಶುಭ ಅನ್ನದ ಹೆಸರು ಇಲ್ಲಿ ಎಲ್ಲರ ರಸೀದಿಯ ಮೇಲೂ ಅಚ್ಚಾಗುತ್ತಿತ್ತಲ್ಲ.

ಹೆಚ್ಚುಕಮ್ಮಿ ಆಯಿತು. ಕೆಂಗೇರಿ ಉಪನಗರದ ಬಸವರಾಜೇಶ್ವರಿ ಎಂಬಾಕೆ ಮಗಳು ಗಗನಾಳ ಹೆಸರನ್ನು ಕೇಂದ್ರದಲ್ಲಿ ಬರೆಸಿದ್ದರು. ಹುಡುಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು. ಇದ್ದಕ್ಕಿದ್ದಂತೆ ಅವಳಿಗೆ ಗುರುತಿಲ್ಲದ ಗಂಡಸರ ಫೋನುಗಳು ಶುರುವಾದವು. ಮೊದಮೊದಲು 'ನಿಮ್ಮ ಪ್ರೊಫೈಲ್ ನೋಡಿದೆ' ಅನ್ನುವಂಥವು, ಆಮೇಲೆ ಬಾಯಿಬಿಟ್ಟು ಹೇಳಲಾಗದಂಥವು. ಅವಳ ಸೀರೆಯುಟ್ಟ ಫೋಟೊ ಯಾವ್ಯಾವುದೋ ವಾಟ್ಸಾಪ್ ಗುಂಪುಗಳಲ್ಲಿ ಹೊಲಸು ಮಾತುಗಳ ಜೊತೆ ಸುತ್ತಿ, ಸುತ್ತಿ, ಕೊನೆಗೆ ಅವಳದೇ ಶಾಲೆಯ ಹುಡುಗರ ಕೈಗೆ ಬಂತು. ಒಪ್ಪಿಕೊಂಡಿದ್ದ ಗಂಡಿನ ಕಡೆಯವರು ತಣ್ಣಗೆ ಹಿಂದೆ ಸರಿದರು. ಹುಡುಗಿ ಶಾಲೆಗೆ ಹೋಗುವುದನ್ನೇ ಬಿಟ್ಟಳು. ಆ ಫೋಟೊ ಕೊಟ್ಟದ್ದು ಬಾಸಿಂಗ ಕೇಂದ್ರಕ್ಕೆ ಮಾತ್ರ. ಬಸವರಾಜೇಶ್ವರಿ ಬಂದು ರುದ್ರಮುನಿಯ ಮೇಜು ಗುದ್ದಿ ಕೇಳಿದರು: "ಯಾರು ಕೊಟ್ಟಿದ್ದು? ನಂಗೆ ಹೆಸರು ಬೇಕು. ಇಲ್ಲಾಂದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ."

ಹೆಸರು ಹುಡುಕುವ ಕೆಲಸ ಉದಯನ ಪಾಲಿಗೆ ಬಂತು. ಸಲಕರಣೆಗೆ ಡೇಟಾಬೇಸಿನ ಲಾಗ್ ಉಣಿಸಿದ. ಎಲ್ಲ ಹೆಣ್ಣುಮಕ್ಕಳ ವಿವರವನ್ನೂ ಒಂದೇ ಗುಕ್ಕಿಗೆ ಎತ್ತಿಕೊಂಡುಹೋದ ಒಂದು ಮಧ್ಯಾಹ್ನ ಪರದೆಯ ಮೇಲೆ ಹುತ್ತದ ಹಾಗೆ ಎದ್ದು ನಿಂತಿತು. ಬಳಕೆದಾರರ ಹೆಸರು: ಕಲ್ಯಾಣಮ್ಮ. ಅದನ್ನು ನೋಡಿ ಅವನಿಗೇನೂ ಆಶ್ಚರ್ಯವಾಗಲಿಲ್ಲ; ಕೇಂದ್ರದಲ್ಲಿ ಎಲ್ಲರ ಹೆಸರೂ ಕಲ್ಯಾಣಮ್ಮನೇ. ಪಕ್ಕದಲ್ಲಿ ನೆಟ್‌ವರ್ಕಿನ ಲಾಗ್ ಇಟ್ಟ. ಆ ಹೊತ್ತಿಗೆ ಆ ಗಂಟು ಇಳಿದದ್ದು ಒಂದು ಲ್ಯಾಪ್‌ಟಾಪಿಗೆ, ಅಲ್ಲಿಂದ ಹೊರಗೆ ಹೋದದ್ದು ಹೊಸದಾಗಿ ಶುರುವಾದ ಒಂದು ಮದುವೆ ಆ್ಯಪಿನವರ ಸರ್ವರಿಗೆ. ಆ ಲ್ಯಾಪ್‌ಟಾಪನ್ನು ನೆಟ್‌ವರ್ಕಿಗೆ ಸೇರಿಸಿಕೊಟ್ಟವನು ಉದಯನೇ. ಅದು ಮಹದೇವನದು.

ಮಹದೇವ ಅಂದರೆ ರುದ್ರಮುನಿಯ ಅಳಿಯ. ಮಗಳು ವಚನಾಳ ಗಂಡ. ಗೋಡೆಯ ಮೇಲೆ ಕಟ್ಟುಹಾಕಿಸಿದ ಅವರ ಮದುವೆಯ ಫೋಟೊವೇ ಕೇಂದ್ರದ ಜಾಹೀರಾತು. 'ನನ್ನ ಮಗಳಿಗೂ ಇಲ್ಲಿಂದಲೇ ಗಂಡು ತಂದದ್ದು' ಎಂದು ರುದ್ರಮುನಿ ಬಂದವರಿಗೆಲ್ಲ ತೋರಿಸುತ್ತಿದ್ದ. ಅಳಿಯ ಡಿಜಿಟಲ್ ನೋಡಿಕೊಳ್ಳುತ್ತಾನೆ ಅನ್ನುತ್ತಿದ್ದ. ನೋಡಿಕೊಂಡದ್ದು ಹೀಗೆ: ಆ್ಯಪ್ ಶುರುಮಾಡಿದ ಗೆಳೆಯನ ಜೊತೆ ಪಾಲುದಾರನಾಗುವ ಆಸೆಗೆ ಮಾವನ ಉಗ್ರಾಣವನ್ನೇ ಬಗೆದುಕೊಟ್ಟಿದ್ದ. ಆ ಆ್ಯಪಿನಿಂದ ಗಗನಾಳ ಫೋಟೊ, ನಂಬರ್ ಕಂಡಕಂಡವರ ಕೈಗೆ ಹೋಗಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಉದಯ ಎರಡೂ ಹಾಳೆಗಳನ್ನು ರುದ್ರಮುನಿಯ ಮುಂದಿಟ್ಟು ಬಿಡಿಸಿ ಹೇಳಿದ. ರುದ್ರಮುನಿ ಬಾಗಿಲು ಹಾಕಿ ಬಂದು ಕೂತ. ಹಾಳೆಗಳನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಹೇಳಿದ:

"ನೋಡು ಉದಯ, ನಾನು ಊರಿಗೆಲ್ಲ ಗಂಡು ಹುಡುಕಿಕೊಡೋನು. ನನ್ನ ಮಗಳಿಗೇ ಕಳ್ಳನ್ನ ತಂದ್ಕೊಂಡಿದೀನಿ ಅಂತ ಗೊತ್ತಾದ್ರೆ ನಾಳೆ ಈ ಮೆಟ್ಟಿಲು ಯಾರು ಹತ್ತಾರೆ? ವಚನಾ ಬೇರೆ ಬಸುರಿ. ಆಯಮ್ಮ ಕೇಳ್ತಿರೋದು ಒಂದು ಹೆಸರು. ಮೊದಲನೇ ಹಾಳೇಲಿ ಒಂದು ಹೆಸರು ಇದೆಯಲ್ಲ. ಅದನ್ನ ಮಾತ್ರ ಇಟ್ಕೋ."

"ಸಾರ್, ಕಲ್ಯಾಣಮ್ಮನೋರಿಗೆ ಒಂದು ಫೋಟೊ ಕಳಿಸೋದಕ್ಕೂ ಬರಲ್ಲ. ನಿಮಗೇ ಗೊತ್ತು."

"ಆಕೆ ಕದ್ಲು ಅಂತ ನಾನು ಹೇಳ್ತೀನಾ? ಆಕೆ ಲಾಗಿನ್ನಿಂದ ಹೋಗಿದೆ ಅಂತೀನಿ. ಅದು ಸುಳ್ಳಾ? ನೀನೇ ಹೇಳಪ್ಪ, ಸುಳ್ಳಾ?"

ಸುಳ್ಳಲ್ಲ. ದರಿದ್ರ ಇರುವುದೇ ಅಲ್ಲಿ. ಹಸಿ ಸುಳ್ಳು ಹೇಳು ಅಂದಿದ್ದರೆ ಉದಯ ಬಹುಶಃ ಆಗಲ್ಲ ಅನ್ನುತ್ತಿದ್ದ. ಅರ್ಧ ನಿಜ ಕೇಳಿದ್ದಕ್ಕೆ ಒಪ್ಪಿಬಿಟ್ಟ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಹುಡುಕಲಿ, ಡಿಪ್ಲೊಮಾದವನನ್ನು ಯಾರು ಮೂಸಿ ನೋಡುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಎರಡನೆಯ ಹಾಳೆಯನ್ನು ಮಡಿಸಿ ಬ್ಯಾಗಿಗೆ ತುರುಕಿದ. ಹೇಡಿಗಳಿಗೆ ಸಮಾಧಾನ ಯಾವಾಗಲೂ ಕೈಗೆಟಕುವ ಹಾಗೇ ಇರುತ್ತದೆ.

ಮಾರನೆಯ ದಿನ ಬಸವರಾಜೇಶ್ವರಿಯನ್ನು ಕರೆಸಿದರು. ಕಲ್ಯಾಣಮ್ಮನವರನ್ನು ಒಳಗೆ ಕರೆದರು. ಮಹದೇವ ಮಾವನ ಪಕ್ಕದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಹಾಳೆ ಪೂರ್ತಿ ಕನ್ನಡದಲ್ಲಿತ್ತು. ಬಳಕೆದಾರರ ಹೆಸರು, ದಿನಾಂಕ, ಹೊರಗೆ ಹೋದ ಮಾಹಿತಿ, ಎಲ್ಲ ಉದಯ ತಾನೇ ಹುಡುಕಿ ಇಟ್ಟ ಪದಗಳು. ಓದಲು ಯಾರಿಗೂ ಕಷ್ಟವಾಗಲಿಲ್ಲ.

"ಇದು ಸರೀನಾ ಸಾರ್?" ಬಸವರಾಜೇಶ್ವರಿ ಉದಯನನ್ನೇ ಕೇಳಿದರು.

"ಲಾಗ್‌ನಲ್ಲಿ ಹಾಗೇ ಇದೆ ಮೇಡಂ."

ಆ ತಾಯಿ ಕಲ್ಯಾಣಮ್ಮನವರ ಕಡೆ ತಿರುಗಿದರು. ಹೆಸರು ಬರೆಸಲು ಬಂದ ದಿನ ಇದೇ ಹೆಂಗಸಿನ ಕಾಲಿಗೆ ಮಗಳಿಂದ ನಮಸ್ಕಾರ ಮಾಡಿಸಿದವರು ಅವರು. "ತಲೆಹಿಡಿಯೋ ಕೆಲಸಕ್ಕೆ ನನ್ನ ಮಗಳೇ ಬೇಕಾಗಿತ್ತಾ ನಿಂಗೆ? ನನ್ನ ಬುದ್ಧಿಗೆ ಮಣ್ಣು ಹಾಕ! ಮುಂಡೆ ಕೈಲಿ ಶುಭಕಾರ್ಯ ಮಾಡ್ಸಿದ್ರೆ ಇನ್ನೇನಾಗತ್ತೆ?"

ಕೋಣೆಯಲ್ಲಿದ್ದ ಯಾರೂ ತುಟಿ ಬಿಚ್ಚಲಿಲ್ಲ. ಬಾಗಿಲ ಹೊರಗೆ ನಿಂತಿದ್ದ, ದಿನಾ ಅದೇ ಪಾಸ್‌ವರ್ಡ್ ಒತ್ತುವ ಹುಡುಗಿಯರೂ ಬಿಚ್ಚಲಿಲ್ಲ. ಕಲ್ಯಾಣಮ್ಮ ಕನ್ನಡಕ ಹಾಕಿಕೊಂಡು ಹಾಳೆಯನ್ನು ನಿಧಾನವಾಗಿ ಓದಿದರು. "ಹೆಸರು ನಂದೇ ಕಣಮ್ಮ," ಅಂದರು. "ಕೈ ತಪ್ಪಿ ಏನಾದ್ರೂ ಒತ್ತಿಬಿಟ್ನೇನೋ. ನಂಗೆ ಇದೆಲ್ಲ ಅಷ್ಟು ತಿಳಿಯಲ್ಲ." ಮೇಜಿನ ಮೇಲಿದ್ದ ಹಾಳೆಯನ್ನು ಯಾರಿಗೋ ಕೊಡುವವರ ಹಾಗೆ ಎರಡೂ ಕೈಯಲ್ಲಿ ಎತ್ತಿ ರುದ್ರಮುನಿಯ ಮುಂದಿಟ್ಟು, ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಅದು ಕಣ್ಣೆದುರೇ ನಡೆಯಿತು. ಬರೆಯ ಕೋಲು ಕಾಯಿಸಿ ಕೊಟ್ಟವನು ಉದಯ.

ಬಸವರಾಜೇಶ್ವರಿ ಪೊಲೀಸರ ಬಳಿ ಹೋಗಲಿಲ್ಲ. ಮುದುಕಿಯನ್ನು ಕೆಲಸದಿಂದ ತೆಗೆದದ್ದು ಅವರಿಗೆ ಸಾಕೆನಿಸಿತು. ಆದರೆ ಮಾತು ನಿಲ್ಲಬೇಕಲ್ಲ. ಕಲ್ಯಾಣಮ್ಮ ಕೂಡಿಸಿದ ಯಾವುದೋ ಜೋಡಿ ಜಗಳವಾಡಿದ್ದು, ಯಾರಿಗೋ ಮಕ್ಕಳಾಗದೆ ಇದ್ದದ್ದು, ಎಲ್ಲವೂ ಹೊರಬಂದು ಆಕೆಯ ಕೈಗೇ ಸುತ್ತಿಕೊಂಡವು. ಕೈಗುಣ ಕೊಟ್ಟ ಬಾಯಿಗಳೇ ಅದನ್ನು ಕಿತ್ತುಕೊಂಡವು. ಬಾಪೂಜಿ ನಗರದಲ್ಲಿ ತಂಗಿಯ ಮನೆಯ ಮೇಲಿನ ಕೋಣೆಯಲ್ಲಿದ್ದ ಕಲ್ಯಾಣಮ್ಮನವರನ್ನು ಆ ಓಣಿಯಲ್ಲಿ ಯಾರೂ ಸೀಮಂತಕ್ಕೆ ಕರೆಯಲಿಲ್ಲ, ನಾಮಕರಣಕ್ಕೆ ಕರೆಯಲಿಲ್ಲ.

ಉದಯನಿಗೆ ಅನ್ನ ಸೇರದ ಹಾಗಾಯಿತು. ಸಲಕರಣೆಯ ಪರದೆ ತೆರೆದಾಗಲೆಲ್ಲ ಅವನೇ ಬರೆದ ಕನ್ನಡ ಅವನ ಮುಖಕ್ಕೇ ಉಗಿದಂತೆ ಅನಿಸುತ್ತಿತ್ತು. ಕೊನೆಗೊಂದು ಭಾನುವಾರ ಎರಡೂ ಹಾಳೆ ಹಿಡಿದುಕೊಂಡು ಬಾಪೂಜಿ ನಗರಕ್ಕೆ ಹೋದ.

ಕಲ್ಯಾಣಮ್ಮ ಅವರೆಕಾಳು ಸುಲಿಯುತ್ತಿದ್ದರು. "ಬಾಪ್ಪ ಉದಯ, ಕೂತ್ಕೋ," ಅಂದರು. ಕೋಪ ತೋರಿಸಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನು ಹಾಳೆಗಳನ್ನು ಅಕ್ಕಪಕ್ಕ ಹಾಸಿ, ಹೆಸರು ನಿಮ್ಮದಾದರೂ ಯಂತ್ರ ಮಹದೇವನದು, ಕದ್ದವನು ಮಹದೇವ ಎಂದು ಬಿಡಿಸಿ ಹೇಳಿದ. ಆಕೆ ಕೊನೆಯವರೆಗೂ ಕೇಳಿಸಿಕೊಂಡರು.

"ಹಾಗಾದ್ರೆ ನಾನು ಒತ್ತಿದ್ದಲ್ಲ?"

"ಅಲ್ಲ ಅಮ್ಮ. ನೀವಲ್ಲ."

"ಹಗಲೂ ರಾತ್ರಿ ಅದೇ ಯೋಚನೆ ಕಣಪ್ಪ. ಯಾವತ್ತು ಒತ್ತಿದೆ, ಯಾವ ಬೆರಳಲ್ಲಿ ಒತ್ತಿದೆ ಅಂತ." ಆಕೆ ಸಿಪ್ಪೆಯನ್ನೆಲ್ಲ ಒಂದು ಕಡೆ ಒತ್ತರಿಸಿದರು. "ಇದು ನಿಂಗೆ ಅವತ್ತೇ ಗೊತ್ತಿತ್ತಾ?"

ಉದಯ ಹೌದೆಂದು ತಲೆಯಾಡಿಸಿದ.

"ಮತ್ತೆ ಅವತ್ತು ಯಾಕಪ್ಪ ಹೇಳ್ಲಿಲ್ಲ?"

ಅವನು ಹಾಳೆಗಳನ್ನು ಮಡಿಸತೊಡಗಿದ. ಆಕೆ ಉತ್ತರಕ್ಕೆ ಕಾಯಲಿಲ್ಲ. "ಹೋಗ್ಲಿ ಬಿಡು. ರುದ್ರಮುನಿ ಮಗಳು ಬಸುರಿ, ಅವಳ ಸಂಸಾರ ಬೀದಿಗೆ ತರೋದು ಬೇಡ. ಊರಿಗೂ ಹೇಳೋದು ಬೇಡ. ಆ ಗಗನಾಳ ಅಮ್ಮನಿಗೆ ಒಬ್ರಿಗೆ ಹೇಳಿಬಿಡು. ಅವರು ಅಂದ ಮಾತು ನಂಗೆ ಒಳಗೆ ಹೋಗಿ ಕೂತಿದೆ. ಬೇರೆಯೋರು ಏನಾದ್ರೂ ಅಂದ್ಕೊಳ್ಲಿ. ಆ ಮಗು ಹಾಳಾಗಿದ್ದು ನನ್ನ ಕೈಯಿಂದಲ್ಲ ಅಂತ ಆ ತಾಯಿಗೆ ಗೊತ್ತಾದ್ರೆ ಸಾಕು ನಂಗೆ. ಅಷ್ಟು ಮಾಡ್ತೀಯಾ?"

"ಇವತ್ತೇ ಹೋಗ್ತೀನಿ ಅಮ್ಮ."

ಹೋದ. ಅಷ್ಟರಮಟ್ಟಿಗೆ ಮಾತು ಉಳಿಸಿಕೊಂಡ. ಕೆಂಗೇರಿ ಉಪನಗರದ ಆ ಮನೆಯಲ್ಲಿ ಬಸವರಾಜೇಶ್ವರಿ ಗೇಟಿನ ಒಳಗಡೆಯೇ ನಿಂತು ಮಾತಾಡಿದರು. ಕಿಟಕಿಯ ಪರದೆ ಎಳೆದಿತ್ತು. ಪರದೆಯ ಹಿಂದೆ ಯಾರೋ ಬಂದು ನಿಂತು, ಗಂಡಸಿನ ದನಿ ಕೇಳಿ ಒಳಗೆ ಸರಿದುಹೋದದ್ದು ಉದಯನಿಗೆ ಕಂಡಿತು. ಅವನು ಗೇಟಿನ ಮೇಲೆಯೇ ಹಾಳೆಗಳನ್ನು ಹಿಡಿದು, ಬಾಪೂಜಿ ನಗರದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಹೆಸರಿನ ಹಾಳೆ ಇದು, ಯಂತ್ರದ ಹಾಳೆ ಇದು, ಎರಡೂ ಸೇರಿದರೇ ನಿಜ.

ಬಸವರಾಜೇಶ್ವರಿ ಎರಡನೆಯ ಹಾಳೆಯನ್ನು ಮುಟ್ಟಲೂ ಇಲ್ಲ.

"ಮೊನ್ನೆ ಒಂದು ಹಾಳೆ ತೋರ್ಸಿದ್ರಿ. ಸರೀನಾ ಅಂತ ನಿಮ್ಮನ್ನೇ ಕೇಳ್ದೆ. ಸರಿ ಅಂದ್ರಿ. ಇವತ್ತು ಇನ್ನೊಂದು ತಂದಿದೀರಿ. ನಾಳೆ ಮತ್ತೊಂದು ತರ್ತೀರಿ. ನಿಮ್ಮ ಮಿಷಿನ್ನು ಯಾರು ಕೇಳಿದ್ರೆ ಅವರ ಪರ ಬರ್ಕೊಡತ್ತಾ?"

"ಇಲ್ಲ ಮೇಡಂ, ಅವತ್ತು ನಾನು ಅರ್ಧ ಮಾತ್ರ..."

"ಅವಳು ಕಳಿಸಿದ್ಲಾ ನಿಮ್ಮನ್ನ?"

ಉದಯನಿಗೆ ಇಲ್ಲ ಅನ್ನಲಾಗಲಿಲ್ಲ.

"ಗೊತ್ತಾಯ್ತು ಬಿಡಿ." ಬಸವರಾಜೇಶ್ವರಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು. "ಸಾರ್, ಒಂದು ವೇಳೆ ನೀವು ಹೇಳೋದೇ ನಿಜ ಅಂತ ಇಟ್ಕೊಳ್ಳಿ. ಆ ಹೆಂಗಸಿಗೆ ನಾನು ಏನಂದೆ ಅಂತ ನೀವೇ ನಿಂತು ಕೇಳಿದೀರಿ. ಅದನ್ನ ಎಲ್ಲಿಗೆ ತಗೊಂಡೋಗಿ ಹಾಕ್ಲಿ ನಾನು? ನನ್ನ ಮಗಳ ಪಾಡೇ ನಂಗೆ ಸಾಕಾಗಿದೆ. ಅದರ ಮೇಲೆ ಆ ಪಾಪನೂ ಹೊರ್ಸಬೇಡಿ. ಮೊದಲನೇ ಹಾಳೆನೇ ಇರ್ಲಿ ನಂಗೆ. ಹೋಗಿ."

ಚಿಲಕ ಬಿತ್ತು. ನಂಬದೇ ಇದ್ದರೆ ಇನ್ನೊಮ್ಮೆ ಬಂದು ಒಪ್ಪಿಸಬಹುದಿತ್ತು. ನಂಬಿದರೂ ಬೇಡ ಅನ್ನುವವರಿಗೆ ಯಾವ ಲಾಗ್ ತೋರಿಸುವುದು? ಬಿಚ್ಚಿ ನೋಡುವ ಧೈರ್ಯ ಆ ಮನೆಯಲ್ಲಿ ಇರಲಿಲ್ಲ. ಇಲ್ಲದ ಹಾಗೆ ಮಾಡಿದವನು ತಾನೇ ಎಂದು ಉದಯನಿಗೆ ಗೊತ್ತಿತ್ತು. ಅವತ್ತು ಆ ಕೋಣೆಯಲ್ಲಿ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ತಾಯಿಯ ಬಾಯಿಂದ ಆ ಮಾತು ಹೊರಡುವುದಕ್ಕೆ ಮುಂಚೆ. ಈಗ ನಿಜ ಇದ್ದರೂ ಇಡಲು ಜಾಗವಿಲ್ಲ.

ಮೆಟ್ರೊ ನಿಲ್ದಾಣದ ಕಡೆ ನಡೆಯುತ್ತಿದ್ದಾಗ ಫೋನ್ ಬಂತು. ಕಲ್ಯಾಣಮ್ಮ. ಅವನು ಎತ್ತಲಿಲ್ಲ. ಮತ್ತೆ ಬಂತು. ಎತ್ತಿದ.

"ಸಿಕ್ಕಿದ್ರಾಪ್ಪ?"

"ಸಿಕ್ಕಿದ್ರು ಅಮ್ಮ."

"ಹೇಳ್ದ್ಯಾ?"

"ಹೇಳ್ದೆ."

ಆ ಕಡೆಯಿಂದ ಉಸಿರು ಮಾತ್ರ ಕೇಳಿಸುತ್ತಿತ್ತು. ಆಕೆ ಕೇಳಬೇಕಾದ್ದನ್ನು ಕೇಳಲು ಹೆದರುತ್ತಿದ್ದಾರೆ ಎಂದು ಅವನಿಗೆ ಗೊತ್ತಾಯಿತು. ಆ ಹೆದರಿಕೆಯನ್ನು ಅವನಿಂದ ತಾಳಿಕೊಳ್ಳಲಾಗಲಿಲ್ಲ.

"ನಂಬಿದ್ರು ಅಮ್ಮ," ಅಂದ.

ಕಲ್ಯಾಣಮ್ಮ ಅತ್ತರು. ಫೋನನ್ನು ಬಾಯಿಂದ ದೂರ ಹಿಡಿದು ತಂಗಿಗೆ ಕೂಗಿ ಹೇಳಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಾಗ ಆ ದನಿಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ಪಾಪ, ಆ ತಾಯಿ ಸಂಕಟದಲ್ಲಿ ಏನೋ ಅಂದ್ಬಿಟ್ರು. ಈಗ ಅವರಿಗೂ ಎಷ್ಟು ಬೇಜಾರಾಗ್ತಿದ್ಯೋ. ಅವರಾಗೇ ಬರ್ಲಿ ಅಂತ ಕಾಯೋದು ಸರಿಯಲ್ಲ. ನಾಳೆ ಸೋಮವಾರ, ಒಳ್ಳೆ ದಿನ. ಬೆಳಗ್ಗೇನೇ ನಾನೇ ಹೋಗಿ ಮಾತಾಡಿಸ್ಕೊಂಡು ಬರ್ತೀನಿ. ಗಗನಾಗೆ ಒಂದು ರವಿಕೆ ಬಟ್ಟೆ ತಗೊಂಡೋಗ್ಲಾ? ಬೇಜಾರು ಮಾಡ್ಕೊಳಲ್ಲ ತಾನೇ ಅವರು?"

ಉದಯ ಹಿಂತಿರುಗಿ ನೋಡಿದ. ಬೀದಿಯ ಕೊನೆಯಲ್ಲಿ ಆ ಮನೆಯ ಗೇಟು ಕಾಣುತ್ತಿತ್ತು. ಈಗಲಾದರೂ ಹೇಳಬಹುದಿತ್ತು.

"ಇಲ್ಲ ಅಮ್ಮ," ಅಂದ. "ಹೋಗಿ ಬನ್ನಿ."